ಎಡವಟ್ಟಿನ ಬಲಗಾಲು

ದಾಖಲೆಗಳಲ್ಲಿ ಅವನ ಹೆಸರು ಮಾರುತ. ಲಾಯದಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅವನು ಎಡವಟ್ಟು. ಸ್ಪರ್ಧೆಯ ಅಂಗಳದಲ್ಲಿ 120 ಸೆಂಟಿಮೀಟರ್ ಎತ್ತರದ ತಡೆಗಳನ್ನು ಗೊರಸು ಸೋಕಿಸದೆ ಹಾರುವ ಈ ಮಹಾಶಯ, ಲಾಯಕ್ಕೆ ಮರಳಿದ ಮೇಲೆ ನೀರಿನ ಬಕೆಟ್ ಎಡವಿ ಮುಗ್ಗರಿಸುತ್ತಿದ್ದ. ಬಾಗಿಲ ಚಿಲಕಕ್ಕೆ ಪಕ್ಕೆ ಗೀರಿಕೊಂಡದ್ದು, ಬೇಲಿಯ ಕೆಳಪಟ್ಟಿಯೊಳಗೆ ಕಾಲು ತೂರಿಸಿ ನಿಂತದ್ದು, ತನ್ನದೇ ಹಿಂಗಾಲಿನ ಲಾಳದಿಂದ ಮುಂಗಾಲಿನ ಹಿಮ್ಮಡಿ ಕಿತ್ತುಕೊಂಡದ್ದು, ಹೀಗೆ ಎರಡು ವರ್ಷಗಳಲ್ಲಿ ಅವನಿಗೆ ಮುಲಾಮು ಹಚ್ಚದ ತಿಂಗಳು ನನಗೆ ನೆನಪಿಲ್ಲ. ಆದ್ದರಿಂದಲೇ ಒಂದು ಸಂಜೆ ಅವನ ಬಲ ಮುಂಗಾಲಿನ ಹಿಂಬದಿಯಲ್ಲಿ, ಮಂಡಿಗೂ ಗೆಣ್ಣಿಗೂ ನಡುವೆ, ಹೆಬ್ಬೆರಳಗಲದ ಊತ ಕಂಡಾಗ "ಇದೊಂದು ಬಾಕಿ ಇತ್ತು" ಎಂದುಕೊಂಡು ಸ್ವಲ್ಪ ತಣ್ಣೀರು ಬಿಡಿಸಿ ಮನೆಗೆ ಹೋದೆ.

ಮರುದಿನ ಅವನು ಕುಂಟಲಿಲ್ಲ. ನಾನು ಜೀನು ಹಾಕಿ ಹತ್ತು ನಿಮಿಷ ಓಡಿಸಿದೆ. ಆ ಹತ್ತು ನಿಮಿಷವನ್ನು ಇಂದಿಗೂ ನನಗೆ ನಾನೇ ಕ್ಷಮಿಸಿಕೊಂಡಿಲ್ಲ. ಸ್ನಾಯುರಜ್ಜಿನ, ಅಂದರೆ ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿಯ, ಪೆಟ್ಟು ಹೀಗೆಯೇ ಮೋಸ ಮಾಡುತ್ತದೆ ಎಂದು ಆಮೇಲೆ ತಿಳಿಯಿತು. ಮೊದಲು ಬರುವುದು ಬಿಸಿ ಮತ್ತು ಸಣ್ಣ ಊತ; ಕುಂಟು ಬರಬಹುದು, ಬರದೆಯೂ ಇರಬಹುದು. ಬಂದರೂ ಕೆಲವೇ ದಿನಗಳಲ್ಲಿ ಮಾಯವಾಗಿ, ಎಲ್ಲ ಸರಿಹೋಯಿತೆಂಬ ಭ್ರಮೆ ಹುಟ್ಟಿಸಬಹುದು. ಪದೇ ಪದೇ ಗಾಯ ಮಾಡಿಕೊಳ್ಳುವ ಕುದುರೆಯನ್ನು ಸಾಕುವವರಿಗೆ ಇನ್ನೊಂದು ಅಪಾಯವೂ ಇದೆ: ನಮ್ಮ ಕಣ್ಣು ಮರಗಟ್ಟುತ್ತದೆ. ಹನ್ನೊಂದು ಸಲ ಗೀರು ಕಂಡವನಿಗೆ ಹನ್ನೆರಡನೆಯದೂ ಗೀರಾಗಿಯೇ ಕಾಣುತ್ತದೆ.

ಪಶುವೈದ್ಯರು ಬಂದವರೇ ಕಾಲನ್ನು ಎತ್ತಿ ಹಿಡಿದು ಬೆರಳಿನಿಂದ ರಜ್ಜನ್ನು ಒತ್ತುತ್ತ ಇಳಿದರು. ಒಂದು ಜಾಗದಲ್ಲಿ ಎಡವಟ್ಟು ಕಾಲು ಕಿತ್ತುಕೊಂಡ. ಅಲ್ಟ್ರಾಸೌಂಡ್ ಕೂಡಲೇ ಮಾಡೋಣವೆಂದು ನಾನು ಅವಸರಪಟ್ಟರೆ ಅವರು ಒಪ್ಪಲಿಲ್ಲ. ಮೊದಲ ಕೆಲವು ದಿನ ಹರಿದ ಭಾಗ ಒಳಗೊಳಗೇ ಹಿಗ್ಗುತ್ತದಂತೆ. ಅವಸರದಲ್ಲಿ ನೋಡಿದರೆ ಪೆಟ್ಟು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಆರನೆಯ ದಿನ ಪರದೆಯ ಮೇಲೆ ಕಂಡದ್ದು ಬೂದು ಬಣ್ಣದ ರಜ್ಜಿನ ನಡುವೆ ಒಂದು ಕಪ್ಪು ತೂತು, ಅಡ್ಡಗಲದ ಸುಮಾರು ನಾಲ್ಕನೆಯ ಒಂದು ಭಾಗ. ಎಷ್ಟು ದಿನವೆಂದು ಕೇಳಿದೆ. "ದಿನದ ಲೆಕ್ಕ ಬಿಡಿ, ಒಂಬತ್ತರಿಂದ ಹನ್ನೆರಡು ತಿಂಗಳು" ಎಂದರು.

ಅಷ್ಟು ಕಾಲ ಯಾಕೆ ಎಂಬುದು ಅರ್ಥವಾಗದಿದ್ದರೆ ಮುಂದಿನ ಒಂದು ದಿನವನ್ನೂ ತಾಳ್ಮೆಯಿಂದ ಕಳೆಯಲಾಗುವುದಿಲ್ಲ. ಕುದುರೆಯ ಮುಂಗಾಲಿನಲ್ಲಿ ಮಂಡಿಯಿಂದ ಕೆಳಗೆ ಮಾಂಸಖಂಡವೇ ಇಲ್ಲ. ಎಲುಬು, ರಜ್ಜು, ಚರ್ಮ ಅಷ್ಟೇ. ಹಿಂಬದಿಯ ರಜ್ಜು ಪ್ರತಿ ಹೆಜ್ಜೆಗೂ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ನಾಗಾಲೋಟದಲ್ಲಿ ಅದರ ತಿರುಳಿನ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿದ್ದನ್ನು ಅಳೆದಿದ್ದಾರೆ. ಅಂದರೆ ಚೆನ್ನಾಗಿ ಓಡುವ ಕುದುರೆಯ ರಜ್ಜು ತನ್ನ ಮಿತಿಯ ಅಂಚಿನಲ್ಲೇ ದುಡಿಯುತ್ತಿರುತ್ತದೆ. ರಕ್ತದ ಸರಬರಾಜು ಕಡಿಮೆ ಇರುವುದರಿಂದ ವಾಸಿಯಾಗುವುದೂ ನಿಧಾನ. ತೂತು ತುಂಬಲು ಮೊದಲು ಬರುವ ನಾರು ದುರ್ಬಲ, ದಿಕ್ಕಿಲ್ಲದ್ದು. ಹಗ್ಗ ಹೊಸೆಯುವಾಗ ಎಳೆದು ಹಿಡಿಯದಿದ್ದರೆ ಹುರಿ ಕೂಡುವುದಿಲ್ಲ, ಜೋರಾಗಿ ಎಳೆದರೆ ಎಳೆ ಕಡಿಯುತ್ತದೆ. ಹೊಸ ನಾರನ್ನು ಸಾಲಾಗಿ ಜೋಡಿಸುವುದಕ್ಕೂ ಅಷ್ಟೇ ಅಳತೆಯ ಎಳೆತ ಬೇಕು. ನಡಿಗೆಯ ವೇಳಾಪಟ್ಟಿ ಎಂದರೆ ಈ ಎಳೆತದ ಅಳತೆಯೇ.

ಮೊದಲ ಮೂರು ದಿನ ತಂಪಿನ ಚಿಕಿತ್ಸೆ: ಒಮ್ಮೆಗೆ ಇಪ್ಪತ್ತು ನಿಮಿಷ, ದಿನಕ್ಕೆ ಮೂರು ಬಾರಿ. ಹತ್ತಿ ಪದರ ಹಾಸಿ ಅದರ ಮೇಲೆ ಪಟ್ಟಿ. ಪಟ್ಟಿ ಕಟ್ಟುವುದು ನನಗೆ ಬರುತ್ತದೆಂದು ಹಮ್ಮು ಪಟ್ಟಿದ್ದೆ. ಎರಡನೆಯ ದಿನ ಬಿಚ್ಚಿದಾಗ ಒಂದು ಸುತ್ತು ಬಿಗಿಯಾಗಿ ಕೂತು ಕೂದಲು ಅಡ್ಡಗೆರೆಯಂತೆ ಮಡಿಸಿಕೊಂಡಿತ್ತು. ಹತ್ತಿ ತೆಳುವಾಗಿದ್ದರೆ, ಒತ್ತಡ ಒಂದೇ ಕಡೆ ಬಿದ್ದರೆ, ಪಟ್ಟಿಯೇ ರಜ್ಜಿಗೆ ಹೊಸ ಪೆಟ್ಟು ಕೊಡಬಲ್ಲದು. ಆಮೇಲೆ ಹತ್ತಿಯ ದಪ್ಪ ಹೆಚ್ಚಿಸಿ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಕಟ್ಟಿ, ಹನ್ನೆರಡು ಗಂಟೆಗೊಮ್ಮೆ ಬಿಚ್ಚಿ ನೋಡತೊಡಗಿದೆ. ನೋವು ನಿವಾರಕವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟೇ ದಿನ ಕೊಟ್ಟೆ. ಆ ಔಷಧ, ಫಿನೈಲ್‌ಬ್ಯುಟಜೋನ್, ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನೋವು ಪೂರ್ತಿ ಮರೆತ ಎಡವಟ್ಟು ಏನು ಮಾಡಿಯಾನು ಎಂಬುದು ನನಗೆ ಗೊತ್ತಿತ್ತು. ಅವನದೇ ರಕ್ತದಿಂದ ಪ್ಲೇಟ್‌ಲೆಟ್ ಸಾಂದ್ರವಾದ ದ್ರವ ತೆಗೆದು ಗಾಯದೊಳಕ್ಕೆ ಚುಚ್ಚಿದ್ದೂ ಆಯಿತು. ಅದರಿಂದ ಎಷ್ಟು ಲಾಭವಾಯಿತು ಎಂದು ಕೇಳಿದವರಿಗೆ ನನ್ನ ಉತ್ತರ ಒಂದೇ: ಹೋಲಿಸಿ ನೋಡಲು ನನ್ನ ಬಳಿ ಇನ್ನೊಬ್ಬ ಮಾರುತ ಇರಲಿಲ್ಲ.

ಪೆಟ್ಟಾದ ಕಾಲಿನಷ್ಟೇ ಗಮನವನ್ನು ಪೆಟ್ಟಾಗದ ಕಾಲಿಗೂ ಕೊಟ್ಟೆ. 2006ರಲ್ಲಿ ಅಮೆರಿಕದ ಪ್ರೀಕ್‌ನೆಸ್ ಪಂದ್ಯದಲ್ಲಿ ಬಾರ್ಬರೋ ಎಂಬ ಪ್ರಸಿದ್ಧ ಕುದುರೆಯ ಬಲ ಹಿಂಗಾಲು ಮುರಿಯಿತು. ಎಲುಬು ಕೂಡಿಸುವುದರಲ್ಲಿ ವೈದ್ಯರು ಬಹುಪಾಲು ಗೆದ್ದರೂ, ಭಾರ ಹೊತ್ತ ಎಡ ಹಿಂಗಾಲಿನ ಗೊರಸಿನೊಳಗೆ ಲ್ಯಾಮಿನೈಟಿಸ್ (ಗೊರಸನ್ನು ಎಲುಬಿಗೆ ಹಿಡಿದಿಡುವ ಪದರದ ಉರಿಯೂತ) ಹುಟ್ಟಿ, ಕೊನೆಗೆ 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ನನ್ನವನ ಗಾಯ ಅಷ್ಟು ಘೋರವಲ್ಲ, ಅವನು ನಾಲ್ಕೂ ಕಾಲಿನ ಮೇಲೆ ನಿಲ್ಲುತ್ತಿದ್ದ. ಆದರೂ ಎಡ ಮುಂಗಾಲಿಗೂ ಪಟ್ಟಿ ಕಟ್ಟಿ, ಬೆಳಗ್ಗೆ ಸಂಜೆ ಗೊರಸಿನ ಬಿಸಿಯನ್ನೂ ಗೆಣ್ಣಿನ ಬಳಿಯ ನಾಡಿಯನ್ನೂ ಮುಟ್ಟಿ ನೋಡುವುದನ್ನು ಒಂದು ದಿನವೂ ಬಿಡಲಿಲ್ಲ.

ಕಾಲಿನ ಕಥೆ ಇಷ್ಟು. ನಿಜವಾದ ಕಷ್ಟ ಇದ್ದದ್ದು ನಾಲ್ಕು ಗೋಡೆಗಳ ನಡುವೆ ಒಂದು ಎಡವಟ್ಟನ್ನು ಸುಮ್ಮನೆ ನಿಲ್ಲಿಸುವುದರಲ್ಲಿ.

ಕಾಳು ನಿಲ್ಲಿಸಿ ಒಣಹುಲ್ಲಿಗೆ ಇಳಿಸಿದೆ. 500 ಕಿಲೋ ತೂಗುವ ಅವನಿಗೆ ದಿನಕ್ಕೆ ಎಂಟರಿಂದ ಹತ್ತು ಕಿಲೋ, ಐದು ಕಂತುಗಳಲ್ಲಿ. ಕೆಲಸವಿಲ್ಲದ ಕುದುರೆಗೆ ಕಾಳು ಕೊಟ್ಟರೆ ಕೊಬ್ಬೂ ತಂಟೆಯೂ ಒಟ್ಟಿಗೇ ಏರುತ್ತವೆ. ನಿಂತಲ್ಲೇ ನಿಂತ ಕುದುರೆಗೆ ಕರುಳು ಕಟ್ಟಿ ಹೊಟ್ಟೆಶೂಲೆ ಬರುವ ಭಯವೂ ಇದ್ದದ್ದರಿಂದ ಲದ್ದಿಯ ಲೆಕ್ಕ ಇಟ್ಟೆ, ಕುಡಿದ ನೀರಿನ ಲೆಕ್ಕ ಇಟ್ಟೆ. ಬೇಗ ಮುಗಿಸದಿರಲೆಂದು ಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ತೂಗುಹಾಕಿದ್ದೆ. ನಾಲ್ಕನೆಯ ದಿನ ಬಂದು ನೋಡಿದರೆ ಎಡ ಮುಂಗಾಲು ಬಲೆಯೊಳಗೆ, ಕುದುರೆ ಮೂರು ಕಾಲಿನ ಮೇಲೆ, ಮುಖದಲ್ಲಿ ಏನೂ ಆಗಿಲ್ಲವೆಂಬ ಗಾಂಭೀರ್ಯ. ಬಲೆ ಅವನ ಎದೆಯ ಮಟ್ಟಕ್ಕೇರಿತು, ಖಾಲಿಯಾದಾಗ ಜೋಲು ಬೀಳದಂತೆ ಕೆಳಗೂ ಒಂದು ಗಂಟು ಬಿತ್ತು. ಬಕೆಟ್‌ಗಳ ಹಿಡಿಕೆ ಕಳಚಿದೆ. ಹೊರಚಾಚಿದ ಮೊಳೆ, ಕೊಂಡಿ, ಚಿಲಕಗಳನ್ನು ಅಂಗೈ ಸವರಿ ಹುಡುಕಿದೆ. ಕಣ್ಣಿಗೆ ಬೀಳದ್ದು ಕೈಗೆ ಸಿಗುತ್ತದೆ. ಒಂದು ಬೆಳಗ್ಗೆ ಅವನು ಹೊರಳಾಡಲು ಹೋಗಿ ಕಾಲುಗಳು ಗೋಡೆಗೆ ಸಿಕ್ಕಿ ಏಳಲಾರದೆ ಬಿದ್ದಿದ್ದ. ಹಗ್ಗ ಹಾಕಿ ಮೂವರು ಎಳೆದು ಹೊರಳಿಸಿದೆವು. ಅಂದಿನಿಂದ ಗೋಡೆಯಂಚಿನಲ್ಲಿ ಹಾಸಿಗೆಯ ಹುಲ್ಲನ್ನು ಮೊಣಕಾಲೆತ್ತರದ ದಿಬ್ಬದಂತೆ ಒಟ್ಟುತ್ತೇವೆ.

ಈ ದಿನಗಳಲ್ಲೇ ನಾನು ಒಂದು ನೋಟುಪುಸ್ತಕ ಶುರು ಮಾಡಿದ್ದು. ಪ್ರತಿದಿನ ಮೈಯ ಉಷ್ಣಾಂಶ, ನಾಡಿ, ಕಾಲಿನ ಸುತ್ತಳತೆ, ಲದ್ದಿ, ಮನಸ್ಸಿನ ಸ್ಥಿತಿ ಎಂದು ಐದು ಕಲಂ. ಅವನ ಮೈಯ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ನಾಡಿ ನಿಮಿಷಕ್ಕೆ 36. ಇವೇ ಅವನ ಆರೋಗ್ಯದ ಅಂಕಿಗಳು ಎಂದು ತಿಳಿಯಲು ಎರಡು ವಾರ ಬರೆಯಬೇಕಾಯಿತು. ಮೂರನೆಯ ವಾರ ಬೇಸರ ಕಳೆಯಲು ಹಳೆಯ ಚೀಟಿ, ಮೊಬೈಲಿನ ಫೋಟೋಗಳನ್ನೆಲ್ಲ ಹರಡಿಕೊಂಡು ಹಿಂದಿನ ಹನ್ನೊಂದು ಗಾಯಗಳನ್ನೂ ದಿನ, ಹೊತ್ತು, ಜಾಗದೊಂದಿಗೆ ಅದೇ ಪುಸ್ತಕದಲ್ಲಿ ಬರೆದೆ. ಬರೆದು ಮುಗಿಸಿದಾಗ ಕೈ ನಿಂತಿತು. ಏಳು ಗಾಯಗಳು ಆಗಿದ್ದದ್ದು ಪಕ್ಕದ ಕೊಠಡಿಯ ಕಂದು ಹೆಣ್ಣು ಕುದುರೆಯನ್ನು ಹೊರಗೆ ಕರೆದೊಯ್ದ ಅರ್ಧ ಗಂಟೆಯೊಳಗೆ. ಈ ರಜ್ಜಿನ ಪೆಟ್ಟೂ ಹಾಗೆಯೇ: ಅವಳು ಹೋದಳು, ಇವನು ಬೇಲಿಯುದ್ದಕ್ಕೂ ಓಡಿದ, ಮೂಲೆಯಲ್ಲಿ ಜಾರಿದ. ಉಳಿದವುಗಳಲ್ಲಿ ಮೂರು, ಲಾಳ ಕಟ್ಟಿಸಿ ಆರು ವಾರ ಕಳೆದ ಮೇಲಿನವು.

ಎರಡು ವರ್ಷ ನಾವು ಅವನ ಸ್ವಭಾವವೆಂದು ನಕ್ಕದ್ದು ಒಂದು ವೇಳಾಪಟ್ಟಿಯಾಗಿತ್ತು.

ಮೊದಲು ಕಣ್ಣಿನ ದೋಷವಿರಬಹುದೆಂದು ಪರೀಕ್ಷೆ ಮಾಡಿಸಿದೆ. ಎರಡೂ ಕಣ್ಣು ಸ್ವಚ್ಛ. ಲಾಳ ಕಟ್ಟುವವರನ್ನು ಕರೆಸಿ ಪುಸ್ತಕ ತೋರಿಸಿದಾಗ ಅವರು ಗೊರಸನ್ನು ಎತ್ತಿ, ಮುಂದಿನ ತುದಿ ಉದ್ದವಾಗಿ ಬೆಳೆದು ಹಿಮ್ಮಡಿ ತಗ್ಗಿದ್ದನ್ನು ತೋರಿಸಿದರು. ತುದಿ ಉದ್ದವಾದರೆ ಹೆಜ್ಜೆ ನೆಲ ಬಿಡಲು ತಡವಾಗುತ್ತದೆ, ಅಷ್ಟರಲ್ಲಿ ಹಿಂಗಾಲು ಬಂದು ಬಡಿಯುತ್ತದೆ. ಎಂಟು ವಾರಕ್ಕೆ ಎಳೆದಿದ್ದ ಅವಧಿಯನ್ನು ಐದಕ್ಕೆ ಇಳಿಸಿದೆವು. ಕಂದು ಕುದುರೆಯ ವಿಷಯಕ್ಕೆ ಇದಕ್ಕಿಂತ ಹೆಚ್ಚು ಬುದ್ಧಿ ಖರ್ಚಾಯಿತು. ಅವಳು ಹೊರಡುವ ಹತ್ತು ನಿಮಿಷ ಮೊದಲು ಇವನಿಗೆ ಹುಲ್ಲು ಬೀಳಬೇಕು, ಇನ್ನೊಂದು ಪಕ್ಕದಲ್ಲಿ ಮುದಿ ಟಟ್ಟು ಸದಾ ಇರಬೇಕು ಎಂದು ಲಾಯದ ಕ್ರಮವನ್ನೇ ಬದಲಿಸಿದೆ. ಆ ಟಟ್ಟುವಿಗೆ ಲೋಕದ ಯಾವುದೂ ಆಶ್ಚರ್ಯವಲ್ಲ. ಔಷಧದ ಪೆಟ್ಟಿಗೆಯಲ್ಲಿದ್ದ ಎಲ್ಲಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿತೆಂದು ನನ್ನ ನಂಬಿಕೆ.

ನಡಿಗೆ ಶುರುವಾದದ್ದು ಐದು ನಿಮಿಷದಿಂದ, ದಿನಕ್ಕೆ ಎರಡು ಸಲ, ಗಟ್ಟಿಯಾದ ಸಮತಟ್ಟು ನೆಲದಲ್ಲಿ, ನೇರವಾಗಿ. ಆಳದ ಮರಳೂ ಇಕ್ಕಟ್ಟಾದ ತಿರುವೂ ರಜ್ಜಿಗೆ ಶತ್ರು. ವಾರಕ್ಕೆ ಐದು ನಿಮಿಷ ಏರಿಸುತ್ತ ಹೋದೆ. ಮೂರು ವಾರ ಕೊಠಡಿಯಲ್ಲಿ ಕೂಡಿಟ್ಟ ಕುದುರೆಯ ಹಗ್ಗ ಹಿಡಿಯುವುದೆಂದರೆ ಗಾಳಿಪಟ ಹಿಡಿದಂತೆ. ಮೊದಲ ದಿನವೇ ಹಿಂಗಾಲಿನ ಮೇಲೆದ್ದು ನಿಂತ. ವೈದ್ಯರು ಮೊದಲ ಹದಿನೈದು ದಿನ ನಡಿಗೆಗೆ ಮುಂಚೆ ಸಣ್ಣ ಪ್ರಮಾಣದ ಮಂಪರು ಔಷಧ ಬರೆದುಕೊಟ್ಟರು. ಇದನ್ನು ಸೋಲೆಂದು ಭಾವಿಸುವವರಿದ್ದಾರೆ. ಒಂದು ಕುಪ್ಪಳಿಕೆಯಲ್ಲಿ ಎರಡು ತಿಂಗಳ ನಾರು ಹರಿಯುವುದಾದರೆ ನಾನು ಆ ಸೋಲನ್ನೇ ಆರಿಸಿಕೊಳ್ಳುತ್ತೇನೆ. ನನ್ನ ತಲೆಗೆ ಹೆಲ್ಮೆಟ್, ಕೈಗೆ ಕವಚ, ಉದ್ದ ಹಗ್ಗ. ಇವಿಲ್ಲದೆ ಹೊರಗೆ ಕಾಲಿಡಲಿಲ್ಲ.

ಮೂರನೆಯ ತಿಂಗಳ ಅಲ್ಟ್ರಾಸೌಂಡಿನಲ್ಲಿ ಕಪ್ಪು ತೂತು ಮಸುಕು ಬೂದಿಗೆ ತಿರುಗಿತ್ತು. ನೇರ ದಾರಿಯಲ್ಲಿ ಒಂದೊಂದೇ ನಿಮಿಷದ ಟ್ರಾಟ್ (ನಡಿಗೆಗಿಂತ ಚುರುಕಾದ ಹಗುರ ಓಟ) ಸೇರಿತು. ನನಗೆ ಅತಿ ಕಷ್ಟದ ಕಾಲ ಇದೇ. ಕುದುರೆ ಕುಂಟುವುದಿಲ್ಲ, ಕಾಲು ತಣ್ಣಗಿದೆ, ಕಣ್ಣಲ್ಲಿ ಮಿಂಚು. ನೋಡಿದವರೆಲ್ಲ "ಇನ್ನೂ ಯಾಕೆ ಕಟ್ಟಿಹಾಕಿದ್ದೀರಿ, ಬಯಲಿಗೆ ಬಿಡಿ" ಎನ್ನುತ್ತಾರೆ. ಒಳಗಿನ ನಾರು ಮಾತ್ರ ಇನ್ನೂ ಹಸಿ. ಮೊದಲ ಹತ್ತು ನಿಮಿಷದ ನೆನಪು ಇಲ್ಲದಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆನೇನೋ.

ಐದನೆಯ ತಿಂಗಳಲ್ಲಿ ಅವನು ತನ್ನ ಹೆಸರು ಉಳಿಸಿಕೊಂಡ. ಎಡ ಹಿಂಗಾಲಿನ ಮುಂಭಾಗದಲ್ಲಿ ಎರಡು ಅಂಗುಲದ ಸೀಳು, ಎಲ್ಲಿ ತಾಗಿತೋ ಇಂದಿಗೂ ಗೊತ್ತಿಲ್ಲ. ಕೀಲಿನ ಹತ್ತಿರವಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡೆ. ಕೀಲಿಗೆ ತಾಗಿದ ಗಾಯ ಎಷ್ಟೇ ಚಿಕ್ಕದಾದರೂ ಅದು ತುರ್ತು. ಧನುರ್ವಾಯು ಲಸಿಕೆಯ ದಿನಾಂಕ ನೋಡಿದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂಬತ್ತು ಗ್ರಾಂ ಉಪ್ಪು ಹಾಕಿ ತೊಳೆದೆ, ಉರಿ ಹುಟ್ಟಿಸುವ ಯಾವುದನ್ನೂ ಸುರಿಯಲಿಲ್ಲ. ಕಾಲಿನ ಕೆಳಭಾಗದ ಗಾಯದಲ್ಲಿ ದುರ್ಮಾಂಸ ಉಬ್ಬಿ ಬಂದು ಚರ್ಮ ಮುಚ್ಚದಂತೆ ತಡೆಯುತ್ತದೆ. ಅದು ಅಂಚನ್ನು ಮೀರಿದಾಗ ವೈದ್ಯರು ಒಮ್ಮೆ ಕತ್ತರಿಸಿದರು. ಅಲ್ಲಿ ನರವಿಲ್ಲದ ಕಾರಣ ಅವನು ಹುಲ್ಲು ಮೇಯುತ್ತಲೇ ನಿಂತಿದ್ದ, ಬೆವರಿದ್ದು ನಾನು. ಏಳು ವಾರ ಅದರಲ್ಲೇ ಹೋಯಿತು, ನಡಿಗೆ ಮಾತ್ರ ನಿಲ್ಲಲಿಲ್ಲ.

ಆರೂವರೆ ತಿಂಗಳಿಗೆ ಕ್ಯಾಂಟರ್ (ಟ್ರಾಟ್‌ಗಿಂತ ವೇಗದ, ನಾಗಾಲೋಟಕ್ಕಿಂತ ನಿಧಾನದ ಓಟ), ಹನ್ನೊಂದಕ್ಕೆ ನೆಲದ ಮೇಲಿಟ್ಟ ಕೋಲು ದಾಟುವುದು, ಆಮೇಲೆ 60 ಸೆಂಟಿಮೀಟರ್ ತಡೆ. ಈಗ ಒಂದು ಮೀಟರ್ ಹಾರುತ್ತಾನೆ. 120ಕ್ಕೆ ಮತ್ತೆ ಕರೆದೊಯ್ಯುವುದಿಲ್ಲವೆಂದು ನಾನೇ ನಿರ್ಧರಿಸಿದ್ದೇನೆ. ಕಲೆಗಟ್ಟಿದ ರಜ್ಜಿಗೆ ಹಳೆಯ ಹಿಗ್ಗುವಿಕೆ ಮರಳಿ ಬರುವುದಿಲ್ಲ, ಅವನಿಗಂತೂ ತನ್ನ ಮಿತಿ ಗೊತ್ತಿಲ್ಲ. ಬಲಗಾಲಿನ ಹಿಂಬದಿ ಬಿಲ್ಲಿನಂತೆ ಸ್ವಲ್ಪ ಉಬ್ಬಿದೆ, ಅದು ಹಾಗೆಯೇ ಉಳಿಯುತ್ತದೆ. ಬೆಳಗ್ಗೆ ಪಟ್ಟಿ ಬಿಚ್ಚಿ, ಕಣ್ಣು ಮುಚ್ಚಿ, ಎರಡೂ ಮುಂಗಾಲುಗಳನ್ನು ಮೇಲಿನಿಂದ ಕೆಳಕ್ಕೆ ಸವರಿದ ನಂತರವೇ ಜೀನಿಗೆ ಕೈ ಹಾಕುತ್ತೇನೆ.

ಕಂದು ಕುದುರೆ ಹೊರಟರೆ ಈಗ ತಲೆ ಎತ್ತಿ ಒಮ್ಮೆ ಕೆನೆದು ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಾನೆ. ಪುಸ್ತಕ ಮೂರನೆಯದಕ್ಕೆ ಬಂದಿದೆ. ಗಾಯದ ಕಲಂನಲ್ಲಿ ಕಳೆದ ವರ್ಷದ ನಮೂದುಗಳು ಎರಡೇ. ಕೊನೆಯದು ಹೋದ ವಾರದ್ದು: "ಎಡ ಕಿವಿಯ ತುದಿಯಲ್ಲಿ ಗೀರು. ಹೊತ್ತು: ಮಧ್ಯಾಹ್ನ. ಕಂದು ಕುದುರೆ ಪಕ್ಕದಲ್ಲೇ ಇತ್ತು. ಲಾಳ ಕಟ್ಟಿ ಹನ್ನೆರಡು ದಿನ. ಕಾರಣ: ಎಡವಟ್ಟು."