ಪೇಜ್ ಹೋದ ಮೇಲೂ ನಮ್ಮ ರೇಡಿಯೊ ಬಳಗ ಚೆದುರಲಿಲ್ಲ: ನನ್ನ ಅನುಭವ

ನಮ್ಮ ಸೋಷಿಯಲ್ ಮೀಡಿಯಾ ಪೇಜ್ ಕಳುವಾದಾಗ "ಇನ್ನು ಮುಗೀತು ಬಿಡಿ, ಹೊಸ ಪೇಜ್ ಮಾಡ್ಕೊಳ್ಳಿ" ಅಂದವರೇ ಎಲ್ಲರೂ. ಅವರಲ್ಲೇ ನಾಲ್ಕು ಜನ ಈಗ ಫೋನ್ ಮಾಡಿ "ಬಳಗವನ್ನ ಮತ್ತೆ ಹೇಗೆ ಕೂಡಿಸಿದ್ರಿ?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಸಾಕಾಗಿದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ. ಪೇಜ್ ನಡೆಸಿ ಗೊತ್ತಿರುವವರಿಗಾಗಿ ಇದು. ಅಡ್ಮಿನ್ ಅಂದರೇನು, ಪಿನ್ ಮಾಡೋದು ಹೇಗೆ ಅಂತೆಲ್ಲ ವಿವರಿಸಲು ಹೋಗುವುದಿಲ್ಲ.

ನಮ್ಮದು ಹಳೇ ವಾಲ್ವ್ ರೇಡಿಯೊ (ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳಿರುವ ಸೆಟ್) ರಿಪೇರಿ ಮಾಡುವವರ ಬಳಗ. ಪೇಜಿಗೆ ಹತ್ತಿರ ಹತ್ತಿರ 18,000 ಫಾಲೋವರ್‌ಗಳು. ಪ್ರತಿ ಶನಿವಾರ ರಾತ್ರಿ 9ಕ್ಕೆ ಕೆಟ್ಟ ಸೆಟ್ಟಿನ ಒಂದು ಫೋಟೋ ಹಾಕಿ "ಇದಕ್ಕೇನಾಗಿದೆ?" ಎಂದು ಕೇಳುತ್ತಿದ್ದೆವು. ನಮ್ಮ ಬಂಡವಾಳ ಅಷ್ಟೇ. ಆರು ವರ್ಷ ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ.

ಪೇಜ್ ಹೋದದ್ದು ಒಂದು ಸುಳ್ಳು ಮೆಸೇಜಿನಿಂದ. "ನಿಮ್ಮ ಮೇಲೆ ಕಾಪಿರೈಟ್ ದೂರು ಬಂದಿದೆ, 24 ಗಂಟೆಯೊಳಗೆ ಉತ್ತರ ಕೊಡಿ" ಅಂತಿತ್ತು. ಜೊತೆಗಿದ್ದ ಅಡ್ಮಿನ್ ಗಾಬರಿಯಲ್ಲಿ ಅದರ ಫೈಲ್ ತೆರೆದರು. ಎರಡು ಹಂತದ ಲಾಗಿನ್ ಇತ್ತು, ಏನೂ ಉಪಯೋಗವಾಗಲಿಲ್ಲ. ಆಗಲೇ ತೆರೆದಿದ್ದ ಲಾಗಿನ್ ಅನ್ನೇ, ಅಂದರೆ ಬ್ರೌಸರಿನ ಕುಕಿಯನ್ನೇ ಕದ್ದುಬಿಟ್ಟರೆ ಓಟಿಪಿ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಬೆಳಗ್ಗೆ ಎದ್ದು ನೋಡಿದರೆ ನನ್ನ ಪೇಜಿಗೆ ನಾನೂ ಬರೀ ಒಬ್ಬ ಫಾಲೋವರ್. ಜಾಹೀರಾತು ಖಾತೆಗೆ ನನ್ನ ಕಾರ್ಡ್ ಜೋಡಿಸಿಟ್ಟಿದ್ದೆ. ಕಳ್ಳರು ರಾತ್ರೋರಾತ್ರಿ ಯಾವುದೋ ಜಾಹೀರಾತು ಓಡಿಸಿ ಅರ್ಧ ತಿಂಗಳ ಸಂಬಳ ನುಂಗಿದ್ದರು. ಬ್ಯಾಂಕಿನಲ್ಲಿ ತಕರಾರು ಹಾಕಿದ್ದಕ್ಕೆ ಮೂರು ತಿಂಗಳ ಮೇಲೆ ಅದು ವಾಪಸ್ ಬಂತು.

ವಾಪಸ್ ಬರದ ದುಡ್ಡಿನ ಕಥೆ ಬೇರೆ. "ಪೇಜ್ ಬಿಡಿಸಿಕೊಡ್ತೀನಿ, ಒಳಗೆ ಜನ ಇದ್ದಾರೆ" ಅಂದ ಒಬ್ಬನಿಗೆ ಮುಂಗಡ ಕೊಟ್ಟೆ. ಎರಡನೇ ಕಂತೂ ಕೊಟ್ಟೆ, ಬುದ್ಧಿ ಇಲ್ಲದೆ. ಆಮೇಲೆ ಅವನ ನಂಬರೇ ಇಲ್ಲ. ಇಂಥವರು ಪೇಜ್ ಕಳೆದುಕೊಂಡವರನ್ನೇ ಹುಡುಕಿಕೊಂಡು ಬರುತ್ತಾರೆ, ಎಚ್ಚರ.

ಹೊಸ ಪೇಜ್ ಮಾಡಿ, ದುಡ್ಡು ಕೊಟ್ಟು ಬೂಸ್ಟ್ ಮಾಡಿದೆ. ಒಂದು ತಿಂಗಳಿಗೆ 600 ಲೈಕ್. ಶನಿವಾರದ ಫೋಟೋಗೆ ಉತ್ತರ ಎರಡು, ಅದರಲ್ಲೊಂದು "ಸೂಪರ್". ಸ್ವಂತ ಜಾಲತಾಣವನ್ನೂ ಮಾಡಿ ನೋಡಿದೆ. ಸರ್ವರ್‌ಗೆ ಒಂದು ವರ್ಷದ ಬಾಡಿಗೆ ಒಟ್ಟಿಗೇ ಕಟ್ಟಿದ್ದು ದೊಡ್ಡ ತಪ್ಪು. ನೋಂದಣಿಯ ಮೇಲ್ ಅರ್ಧಕ್ಕರ್ಧ ಸ್ಪ್ಯಾಮಿಗೆ ಹೋಗುತ್ತಿತ್ತು. ಎಸ್‌ಪಿಎಫ್, ಡಿಕಿಮ್ (ಮೇಲ್ ನಿಜಕ್ಕೂ ನಮ್ಮ ತಾಣದ್ದೇ ಅಂತ ತೋರಿಸುವ ಗುರುತುಗಳು) ಎರಡನ್ನೂ ನಾನೇ ಸರಿಯಾಗಿ ಹಾಕಿರಲಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ ಅಂತ ಗೊತ್ತಿದ್ದೂ ಉದಾಸೀನ ಮಾಡಿದ್ದೆ. ಅದು ಸರಿಯಾಗುವಷ್ಟರಲ್ಲಿ ಬರುವವರ ಉತ್ಸಾಹವೇ ಇಳಿದಿತ್ತು.

ಕೆಲಸ ಕೊಟ್ಟದ್ದು ಮಾತ್ರ ಕಸ ಅಂದುಕೊಂಡಿದ್ದ ಒಂದು ವಸ್ತು. ಪೇಜಿನಲ್ಲಿ ಯಾರೇ ಕಾಮೆಂಟ್ ಹಾಕಿದರೂ ನನಗೊಂದು ಮೇಲ್ ಬರುತ್ತಿತ್ತು. ಅದನ್ನು ನಿಲ್ಲಿಸಲು ಆರು ವರ್ಷ ಸೋಮಾರಿತನ ಮಾಡಿದ್ದೆ. ಒಂದು ಭಾನುವಾರ ಕೂತು ಆ ಮೇಲ್‌ಗಳನ್ನೆಲ್ಲ ಹುಡುಕಿ ಹೆಸರು ಎಣಿಸಿದೆ. ಮತ್ತೆ ಮತ್ತೆ ಬರೆದವರು 340 ಜನ. ಅದರಲ್ಲಿ ಪ್ರಶ್ನೆ ಕೇಳುವವರೇ ಜಾಸ್ತಿ. ಉತ್ತರ ಕೊಡುತ್ತಿದ್ದವರು ಎಷ್ಟು ಗೊತ್ತಾ? 43. ಹದಿನೆಂಟು ಸಾವಿರ ಅಂತ ನಾನು ಎದೆ ಉಬ್ಬಿಸುತ್ತಿದ್ದದ್ದು ಈ 43 ಜನರ ಬೆನ್ನ ಮೇಲೆ.

ಅವರನ್ನು ಹಿಡಿಯುವುದು ಹೇಗೆ? ನಾವು ಒಬ್ಬರಿಗೊಬ್ಬರು ವಾಲ್ವ್, ಕಾಯಿಲ್ ಕೊರಿಯರ್ ಮಾಡಿಕೊಳ್ಳುವುದು ರೂಢಿ. ಹಳೇ ಕೊರಿಯರ್ ರಸೀದಿಗಳು ಒಂದು ಬಿಸ್ಕತ್ ಡಬ್ಬದಲ್ಲಿದ್ದವು. ಕೆಲವು ಇಂಕ್ ಮಾಸಿ ಬೆಳ್ಳಗಾಗಿದ್ದವು, ದೀಪಕ್ಕೆ ಓರೆಯಾಗಿ ಹಿಡಿದು ನಂಬರ್ ಓದಿದೆ. 31 ಜನ ಸಿಕ್ಕರು. ಒಬ್ಬೊಬ್ಬರಿಗೂ ಫೋನ್ ಮಾಡಿದೆ, ಮೆಸೇಜ್ ಅಲ್ಲ. ಎರಡು ವಾರ ಹಿಡಿಯಿತು. ಫೋನ್ ಎತ್ತಿದ ಕೂಡಲೇ ಮೊದಲು ಏನು ಕೇಳುತ್ತಿದ್ದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯೋಲ್ಲ. "ಹೊಸ ಗ್ರೂಪಿಗೆ ಸೇರಿ" ಅಂತ ಅಂತೂ ಕೇಳಲಿಲ್ಲ. ನಮ್ಮಲ್ಲೊಬ್ಬರು ಹಿರಿಯರು, ಅವರಿಗಿಂತ ಮೊದಲು ಯಾರೂ ಉತ್ತರ ಹೇಳಿದ್ದಿಲ್ಲ. ಅವರು ಹೇಳಿದ್ದು ಕೇಳಿ: "ಪೇಜ್ ಕಳುವಾಯ್ತಾ? ನಿಮಗೇ ಬೇಜಾರಾಗಿ ನಿಲ್ಲಿಸಿಬಿಟ್ರಿ ಅಂದ್ಕೊಂಡಿದ್ದೆನಲ್ಲ!"

ಹೊಸ ಗ್ರೂಪಿನಲ್ಲಿ ಮೊದಲ ಮೂರು ಶನಿವಾರ ಬರೀ ಈ 31 ಜನ. ಬೇರೆ ಯಾರಿಗೂ ಸುಳಿವು ಕೊಡಲಿಲ್ಲ. ಅದೇ ರಾತ್ರಿ 9, ಅದೇ ಥರದ ಫೋಟೋ. ನಾಲ್ಕನೇ ವಾರ ಅವರಿಗೆ ಒಂದೇ ಮಾತು ಹೇಳಿದೆ: ನೀವು ಯಾರ ಸೆಟ್ ಸರಿಮಾಡಿಸಿದ್ದೀರೋ ಅವರನ್ನಷ್ಟೇ ಕರೆಯಿರಿ. ಬಂದವರ ಮೊದಲ ಪ್ರಶ್ನೆ ಒಂದು ಗಂಟೆ ಮೀರಿ ಖಾಲಿ ಕೂರಬಾರದು ಅಂತ ಪಾಳಿ ಹಾಕಿದೆವು. ಇದಕ್ಕೆ ನಗಾಡಿದವರಿದ್ದಾರೆ. "ಸಾವಿರಾರು ಜನರನ್ನು ಬಿಟ್ಟು ಮೂವತ್ತು ಜನರ ಹಿಂದೆ ಬಿದ್ದಿದ್ದಾನೆ" ಅಂದರು. ಆರು ತಿಂಗಳಿಗೆ ಬಳಗ 900 ಜನ ಆಯಿತು, ಈಗ 1,600 ದಾಟಿದೆ. ಶನಿವಾರದ ಫೋಟೋಗೆ 70-80 ಉತ್ತರ. ಪೇಜ್ ಇದ್ದಾಗ 25 ಬಂದರೆ ಹಬ್ಬ.

ಜಾಗದ ವಿಷಯ ಬೇಗ ಮುಗಿಸುತ್ತೇನೆ. ವಾಟ್ಸಾಪ್‌ನಲ್ಲಿ ಶುರು ಮಾಡಿದೆವು. ಗ್ರೂಪಿಗೆ 1,024 ಜನರ ಮಿತಿ ಹೇಗೂ ಇದೆ. ಅದಕ್ಕಿಂತ ಮೊದಲೇ ಒಂದು ಕಷ್ಟ ಬಂತು. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತಿತ್ತು. ನಮ್ಮಲ್ಲಿದ್ದ ಆರೇಳು ಹೆಣ್ಣುಮಕ್ಕಳಿಗೆ ಯಾರೋ ರಾತ್ರಿ ಸುಮ್ನೆ ಮೆಸೇಜ್ ಹಾಕತೊಡಗಿದ. ಇಬ್ಬರು ಬಿಟ್ಟೇ ಹೋದರು. ಅವನನ್ನು ತೆಗೆದೆವು, ಆದರೆ ಹೋದವರಲ್ಲಿ ಒಬ್ಬರು ಇನ್ನೂ ಬಂದಿಲ್ಲ. ಅವರು ಡಯಲ್ ದಾರ (ಸ್ಟೇಷನ್ ತೋರಿಸುವ ಮುಳ್ಳನ್ನು ಎಳೆಯುವ ದಾರ) ಕಟ್ಟುವುದರಲ್ಲಿ ಎತ್ತಿದ ಕೈ. ಆಮೇಲೆ ಟೆಲಿಗ್ರಾಮ್‌ಗೆ ಬಂದೆವು. ನಂಬರ್ ಮುಚ್ಚಿಡಬಹುದು, ಹೊಸಬರಿಗೆ ಹಳೇ ಮಾತುಕತೆ ಕಾಣುವಂತೆ ಇಡಬಹುದು, ಟಾಪಿಕ್ ಬೇರೆ ಬೇರೆ ಮಾಡಬಹುದು. ಇದೂ ಒಂದು ದಿನ ಹೋಗಬಹುದು ಅಲ್ವಾ? ಅದಕ್ಕೇ ತಿಂಗಳ ಮೊದಲ ಭಾನುವಾರ ಕಂಪ್ಯೂಟರಿನಲ್ಲಿ ಪೂರಾ ಚಾಟ್ ಎಕ್ಸ್‌ಪೋರ್ಟ್ ಮಾಡಿ ಎರಡು ಡಿಸ್ಕಿಗೆ ಹಾಕುತ್ತೇನೆ. ಒಂದು ಡಿಸ್ಕ್ ನನ್ನ ಮನೆಯಲ್ಲಿಲ್ಲ. ಒಪ್ಪಿದವರ ಇಮೇಲ್ ಪಟ್ಟಿ ಬೇರೆ ಇದೆ, ಅದರ ಪ್ರತಿ ಮೂವರ ಹತ್ತಿರ.

ಕದ್ದವರು ನಮ್ಮ ಹೆಸರಲ್ಲೇ "ಹಳೇ ರೇಡಿಯೊ ಮಾರಾಟಕ್ಕಿದೆ, ಮುಂಗಡ ಕಳಿಸಿ" ಅಂತ ಹಾಕಿ ನಮ್ಮವರೇ ಇಬ್ಬರ ಹತ್ತಿರ ದುಡ್ಡು ಕಿತ್ತರು. ಅಂದಿನಿಂದ ಶನಿವಾರದ ಫೋಟೋದಲ್ಲಿ ಒಂದು ಗುರುತು ಇಡುತ್ತೇವೆ. ಹಳಬರು ನೋಡಿದ ತಕ್ಷಣ ನಮ್ಮದೇ ಅಂತ ಹೇಳುತ್ತಾರೆ. ಏನು ಗುರುತು ಅಂತ ಕೇಳಬೇಡಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಫೋಟೋ ಬದಲು ಸೆಟ್ಟಿನ ಹಮ್ (ಗುಂಯ್ ಅನ್ನುವ ಸದ್ದು) ಕೇಳಿಸಿ ರೋಗ ಕಂಡುಹಿಡಿಯೋಣ ಅಂತ ಗುಂಪು ಕರೆ ಮಾಡಿದೆವು. ಯಾರಿಗೂ ಏನೂ ಕೇಳಿಸಲಿಲ್ಲ. ಕರೆಯಲ್ಲಿ ಗದ್ದಲ ತೆಗೆಯುವ ಸೌಲಭ್ಯ ಇರುತ್ತದಲ್ಲ, ಅದು ನಮ್ಮ ಹಮ್ಮನ್ನೇ ಗದ್ದಲ ಅಂತ ಒರೆಸಿ ಹಾಕುತ್ತಿತ್ತು! ಈಗ ರೆಕಾರ್ಡ್ ಮಾಡಿ ಫೈಲ್ ಆಗಿಯೇ ಕಳಿಸುತ್ತಾರೆ. 50 ಹರ್ಟ್ಸಿನ ಕರೆಂಟಿನಲ್ಲಿ ಹಮ್ 100 ಹರ್ಟ್ಸ್ ಬಂದರೆ ಮೊದಲು ಫಿಲ್ಟರ್ ಕಂಡೆನ್ಸರ್ (ಕರೆಂಟಿನ ಏರಿಳಿತ ಸಮ ಮಾಡುವ ಭಾಗ) ನೋಡುತ್ತೇವೆ, 50 ಬಂದರೆ ಹೀಟರ್ (ವಾಲ್ವ್ ಬಿಸಿ ಮಾಡುವ ತಂತಿ) ಕಡೆ ಕಣ್ಣು. ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಗೊತ್ತಾಗದು, ಹೆಡ್‌ಫೋನ್ ಬೇಕು. ಬುಧವಾರಕ್ಕೆ ಇದೇ ಕಾರ್ಯಕ್ರಮವಾಗಿ ನಿಂತಿದೆ.

ಹದಿನಾಲ್ಕು ತಿಂಗಳಾದ ಮೇಲೆ, ಮೊನ್ನೆ, ಹಳೇ ಪೇಜ್ ವಾಪಸ್ ಸಿಕ್ಕಿತು. ಹೆಸರು ಬದಲಾಗಿತ್ತು, ಫಾಲೋವರ್‌ಗಳು 23,000 ಆಗಿದ್ದರು, ಯಾರು ಯಾರೋ. ಹೊಸ ಜಾಗದ ಲಿಂಕ್ ಹಾಕಿದೆ. ಹನ್ನೊಂದು ಜನ ಬಂದರು. ಅದರಲ್ಲಿ ಒಬ್ಬರು "ಶನಿವಾರ ಇನ್ನೂ ನಡೀತಿದೆಯಾ?" ಅಂತ ಕೇಳಿದರು. ನಡೀತಿದೆ. ಈ ವಾರದ ಫೋಟೋ ಮಾತ್ರ ಇನ್ನೂ ಸಿಕ್ಕಿಲ್ಲ, ಡಯಲ್ ದಾರ ತುಂಡಾದ ಸೆಟ್ ಯಾರ ಹತ್ತಿರವಾದರೂ ಇದ್ದರೆ ಕಳಿಸಿ.