ಟಾಲ್‌ಸ್ಟಾಯ್ ಲಕೋಟೆಗಳನ್ನು ಸಂಗ್ರಹಿಸುವುದು ಹೇಗೆ?

ಅಂಚೆಚೀಟಿ ಸಂಗ್ರಹದಿಂದ ಲಕೋಟೆ ಸಂಗ್ರಹಕ್ಕೆ ಬರುವವರು ಮೊದಲು ಕತ್ತರಿಯನ್ನು ದೂರವಿಡಬೇಕು. ಚೀಟಿ, ಚಿತ್ರ, ಅಂಚೆ ಮುದ್ರೆ, ವಿಳಾಸ ಎಲ್ಲವೂ ಒಟ್ಟಿಗಿದ್ದರೇ ಲಕೋಟೆಗೆ ಬೆಲೆ. ಚೀಟಿಯನ್ನು ನೀರಿಗೆ ಹಾಕಿ ಬಿಡಿಸಿದರೆ, ಅದು ಯಾವ ಊರಿನಿಂದ ಯಾವ ದಿನ ಹೊರಟಿತೆಂಬ ಸಾಕ್ಷಿಯೇ ಅಳಿಸಿಹೋಗುತ್ತದೆ.

ರಷ್ಯಾದ ಸಾಹಿತಿ ಲಿಯೋ ಟಾಲ್‌ಸ್ಟಾಯ್ ಅವರ 150ನೇ ಜನ್ಮವರ್ಷವಾದ 1978ರಲ್ಲಿ ಭಾರತೀಯ ಅಂಚೆ ಇಲಾಖೆಯೂ ಅವರ ಚೀಟಿ ಹೊರತಂದಿತ್ತು. ಅದರ ಮೊದಲ ದಿನದ ಲಕೋಟೆಯಿಂದ, ಅಂದರೆ ಚೀಟಿ ಬಿಡುಗಡೆಯಾದ ದಿನದ ಮುದ್ರೆಯಿರುವ ಲಕೋಟೆಯಿಂದಲೇ ಆರಂಭಿಸಿ. ಹಳೆಯ ಸಂಗ್ರಾಹಕರನ್ನು ವಿಚಾರಿಸಿದರೆ ಸಿಗುವ ಸಾಧ್ಯತೆ ಹೆಚ್ಚು.

ಆಮೇಲೆ ಸೋವಿಯತ್ ಲಕೋಟೆಗಳಿಗೆ ಕೈಹಾಕಿ. ರಷ್ಯನ್ ಬಾರದಿದ್ದರೂ ಅಂಜಬೇಕಿಲ್ಲ. ಇಂಗ್ಲಿಷಿನ 'ಸಿಸಿಸಿಪಿ'ಯಂತೆ ಕಾಣುವ ಅಕ್ಷರಗಳು ಸೋವಿಯತ್ ಒಕ್ಕೂಟದ ಹೆಸರು, 'ಎಚ್'ನಂತಿರುವುದು 'ನ' ಅಕ್ಷರ. ವಿಳಾಸದ ಕ್ರಮವೂ ನಮ್ಮದಕ್ಕೆ ತಿರುವುಮುರುವು: ಮೊದಲು 'ಕುದಾ', ಅಂದರೆ ಎಲ್ಲಿಗೆ, ಆಮೇಲೆ 'ಕಮೂ', ಅಂದರೆ ಯಾರಿಗೆ. ಎಪ್ಪತ್ತರ ದಶಕದಿಂದೀಚಿನವಾದರೆ ಕೆಳಗೆ ಎಡಬದಿಯಲ್ಲಿ ಆರಂಕಿಯ ಪಿನ್‌ಕೋಡ್ ತುಂಬಲು ಚುಕ್ಕೆಗಳ ಮನೆಗಳಿರುತ್ತವೆ. ಮುಂಬದಿಯ ಗಡ್ಡದಜ್ಜನ ಚಿತ್ರಕ್ಕೆ ಮರುಳಾಗಿ ಕೊಂಡುಬಿಡಬೇಡಿ, ಹಿಂಬದಿಯನ್ನೂ ನೋಡಿ. ಚಿತ್ರಕಾರರ ಹೆಸರು, ಮುದ್ರಣದ ದಿನಾಂಕ, ಬೆಲೆ ಸಾಮಾನ್ಯವಾಗಿ ಅಲ್ಲೇ ಸಣ್ಣಕ್ಷರದಲ್ಲಿರುತ್ತವೆ.

ಮುದ್ರೆ ಓದುವಾಗ ಹೊಸಬರು ಎಡವುವುದು ದಿನಾಂಕದಲ್ಲಿ. ಟಾಲ್‌ಸ್ಟಾಯ್ ಹುಟ್ಟಿದ್ದು 1828ರ ಆಗಸ್ಟ್ 28ರಂದು ಎನ್ನುವುದು ರಷ್ಯಾದ ಹಳೆಯ ಪಂಚಾಂಗದ ಲೆಕ್ಕ. ಈಗಿನ ಲೆಕ್ಕದಲ್ಲಿ ಅದು ಸೆಪ್ಟೆಂಬರ್ 9. ಹಾಗೆಯೇ 1910ರ ನವೆಂಬರ್ 7ರ ಮರಣದಿನ ಈಗ ನವೆಂಬರ್ 20. ಮುದ್ರೆಯಲ್ಲಿ ಸೆಪ್ಟೆಂಬರ್ 9 ಇದ್ದರೆ ಅದು ತಪ್ಪಲ್ಲ, ಜನ್ಮದಿನವೇ. ಅವರು ಹುಟ್ಟಿದ ಯಾಸ್ನಾಯ ಪೊಲ್ಯಾನದ ಮುದ್ರೆ ಸ್ಪಷ್ಟವಾಗಿ ಬಿದ್ದಿರುವ ಲಕೋಟೆ ಕಣ್ಣಿಗೆ ಬಿದ್ದರೆ, ಅಂಚು ಕೊಂಚ ಮಾಸಿದ್ದರೂ ಬಿಡಬೇಡಿ ಎಂಬುದು ನನ್ನ ಸಲಹೆ.

ಕೂಡಿಡಲು ಪಿವಿಸಿ ಚೀಲ ಬೇಡ, ಕಾಲಕ್ರಮೇಣ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಚೀಲ ಒಳ್ಳೆಯದು. ಸೆಲೋಟೇಪ್, ರಬ್ಬರ್ ಬ್ಯಾಂಡ್, ಲ್ಯಾಮಿನೇಶನ್ ಯಾವುದೂ ಕೂಡದು. ಟಿಪ್ಪಣಿಯನ್ನು ಆಲ್ಬಮ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಕರಾವಳಿಯವರು, ಮಲೆನಾಡಿನವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಲೇಬೇಕು.

ಸಂಗ್ರಹ ಒಂದು ಹಂತಕ್ಕೆ ಬಂದ ಮೇಲೆ ಅಸ್ತಾಪೊವೊ ಕಡೆಗೆ ಗಮನ ಕೊಡಿ. ಮನೆ ತೊರೆದು ಹೊರಟ ಟಾಲ್‌ಸ್ಟಾಯ್ ಕೊನೆಯುಸಿರೆಳೆದದ್ದು ಅಲ್ಲಿನ ರೈಲು ನಿಲ್ದಾಣದ ಅಧಿಕಾರಿಯ ಮನೆಯಲ್ಲಿ. ಆ ಊರಿನ ಹೆಸರೇ ಈಗ 'ಲೆವ್ ಟಾಲ್‌ಸ್ಟಾಯ್'. ಅಲ್ಲಿಂದ ಬಂದ ಕಾಗದದಲ್ಲಿ ಟಾಲ್‌ಸ್ಟಾಯ್ ಚಿತ್ರವಿರುವ ವಿಶೇಷ ಮುದ್ರೆಯನ್ನೇ ಹುಡುಕಬೇಕಿಲ್ಲ. ದಿನನಿತ್ಯದ ಮುದ್ರೆಯಲ್ಲಿ ಊರಿನ ಹೆಸರು ಓದಲು ಬಂದರೆ ಸಾಕು.