23 ಜೊತೆ ಸ್ಕೇಟ್, ಒಂದು ಸಾಣೆ ಚಕ್ರ

ಐಸ್ ಹಾಕಿ ತಂಡದ ಜೊತೆ ಒಂದು ಇಡೀ ಸೀಸನ್ ಕೆಲಸ ಮಾಡುವ ಅವಕಾಶ ನನಗೆ ಸಿಕ್ಕಿದ್ದು ಪೀಣ್ಯದ ದೆಸೆಯಿಂದ. ಅಲ್ಲಿ ಅಪ್ಪನದು ಒಂದು ಸಣ್ಣ ಗ್ರೈಂಡಿಂಗ್ ಶಾಪ್, ಲೋಹವನ್ನು ಸಾಣೆ ಚಕ್ರಕ್ಕೆ ಹಿಡಿದು ಉಜ್ಜುವ ಜಾಗ. ಎರಡು ಸರ್ಫೇಸ್ ಗ್ರೈಂಡರ್, ಒಂದು ಟೂಲ್ ಗ್ರೈಂಡರ್, ಅಷ್ಟೇ. ಶಾಲೆ ಬಿಟ್ಟ ಮೇಲೆ ಎಷ್ಟೋ ಸಂಜೆ ಅಲ್ಲೇ ಸ್ಟೂಲ್ ಮೇಲೆ ಕೂತು ಹೋಂವರ್ಕ್ ಮಾಡಿದ್ದೇನೆ. ವೀಲ್ ತಿರುಗುವ ಸದ್ದು, ಕೂಲೆಂಟ್ ವಾಸನೆ, ಕಿಡಿ ಹಾರೋದು, ಎಲ್ಲ ನನಗೆ ಮನೆಯದೇ ಅನ್ನಿಸುತ್ತೆ.

2024ರ ಆಗಸ್ಟ್‌ನಲ್ಲಿ ಮಾಸ್ಟರ್ಸ್ ಓದಲು ಅಮೆರಿಕದ ಮಿನ್ನೆಸೋಟಾದ ಒಂದು ಸಣ್ಣ ಕಾಲೇಜಿಗೆ ಬಂದೆ. ವಿದ್ಯಾರ್ಥಿ ವೀಸಾದಲ್ಲಿ ಬಂದವರು ಕ್ಲಾಸ್ ನಡೆಯುವ ತಿಂಗಳುಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಲೈಬ್ರರಿಯಲ್ಲಿ ಕೇಳಿದೆ, ಜಾಗ ಇರಲಿಲ್ಲ. ಕ್ರೀಡಾ ವಿಭಾಗದ ಎಕ್ವಿಪ್‌ಮೆಂಟ್ ರೂಮ್‌ಗೆ ಒಬ್ಬರು ಬೇಕು ಅಂತ ಗೊತ್ತಾಗಿ ಹೋದೆ. ಅಲ್ಲಿನ ಮ್ಯಾನೇಜರ್ ಒಂದು ಮಷೀನ್ ಮುಂದೆ ಬಗ್ಗಿ, ತಿರುಗುವ ಚಕ್ರಕ್ಕೆ ಡೈಮಂಡ್ ಹಿಡಿದಿದ್ದರು. "ವೀಲ್ ಡ್ರೆಸ್ ಮಾಡ್ತಿದ್ದೀರಾ?" ಅಂತ ಕೇಳಿದೆ. ಸಾಣೆ ಚಕ್ರದ ಮುಖವನ್ನು ಡೈಮಂಡಿನಿಂದ ಹೆರೆದು ಸರಿಮಾಡುವುದಕ್ಕೆ ಶಾಪಿನಲ್ಲಿ ಹಾಗನ್ನುತ್ತಾರೆ. ಅವರು ಮಷೀನ್ ಆಫ್ ಮಾಡಿ ನನ್ನ ಕಡೆ ತಿರುಗಿದರು. ಹತ್ತು ನಿಮಿಷ ಮಾತಾಡಿದೆವು. ಮಹಿಳಾ ಐಸ್ ಹಾಕಿ ತಂಡದ ಸ್ಕೇಟ್‌ಗಳ ಜವಾಬ್ದಾರಿ ನನಗೆ ಬಂತು.

ಅಲ್ಲಿಯವರೆಗೆ ನಾನು ಐಸ್ ಹಾಕಿ ಕಣ್ಣಿಂದ ನೋಡಿರಲಿಲ್ಲ.

ನಮ್ಮದು ಡಿವಿಷನ್ ತ್ರೀ ತಂಡ, ಅಂದರೆ ಅಮೆರಿಕದ ಕಾಲೇಜು ಕ್ರೀಡೆಯ ಮೂರನೇ ಹಂತ. ಈ ಹಂತದಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ನರ್ಸಿಂಗ್, ಬಯಾಲಜಿ, ಅಕೌಂಟಿಂಗ್ ಓದುವ 23 ಹುಡುಗಿಯರು, ತಮ್ಮ ಫೀಸು ತಾವೇ ಕಟ್ಟಿಕೊಂಡು, ಇಷ್ಟಪಟ್ಟು ಆಡುವವರು. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಅವರಿಗೆ ವೀಕೆಂಡ್ ಅಂತ ಇರುವುದಿಲ್ಲ. ಶುಕ್ರವಾರ ಒಂದು ಪಂದ್ಯ, ಶನಿವಾರ ಒಂದು ಪಂದ್ಯ. ಬಸ್ಸಿನಲ್ಲಿ ವಾಪಸ್ ಬರುವಾಗ ಎಲ್ಲರ ತೊಡೆ ಮೇಲೆ ಲ್ಯಾಪ್‌ಟಾಪ್.

ಮಹಿಳೆಯರ ಕಾಲೇಜು ಹಾಕಿಯಲ್ಲಿ ಎದುರಾಳಿಗೆ ಮೈಯಿಂದ ಗುದ್ದಿ ಬೀಳಿಸುವ ಹಾಗಿಲ್ಲ, ಗುದ್ದಿದರೆ ಪೆನಾಲ್ಟಿ. ಹಾಗಾಗಿ ಅವರ ಆಟ ನಿಂತಿರುವುದೇ ಸ್ಕೇಟಿಂಗ್ ಮೇಲೆ. ಗಕ್ಕನೆ ನಿಲ್ಲೋದು, ತಿರುಗೋದು, ಹಿಂದಕ್ಕೆ ಜಾರುತ್ತಲೇ ಮುಂದಿನವಳನ್ನು ತಡೆಯೋದು. ಇದೆಲ್ಲ ಮೂರು ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಪಟ್ಟಿಯ ಮೇಲೆ. ಆ ಪಟ್ಟಿ ನನ್ನ ಕೈಯಲ್ಲಿತ್ತು.

ಸ್ಕೇಟಿನ ಬ್ಲೇಡ್ ಚಾಕುವಿನ ತರ ಒಂದೇ ಅಂಚಿನದಲ್ಲ. ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ ಕೊರೆದಿರುತ್ತೆ. ಆ ಕಾಲುವೆಯ ಎರಡು ದಡಗಳೇ ಎರಡು ಅಂಚು, ಒಂದು ಒಳಗಡೆದು, ಇನ್ನೊಂದು ಹೊರಗಡೆದು. ಚಕ್ರದ ಮುಖವನ್ನು ಡೈಮಂಡ್ ಹಿಡಿದು ದುಂಡಗೆ ಮಾಡಬೇಕು. ಅರ್ಧ ಇಂಚು ರೇಡಿಯಸ್ ಬೇಕಾದರೆ ಅಷ್ಟೇ ದುಂಡು. ಚಕ್ರದ ಆ ಆಕಾರ ಬ್ಲೇಡಿಗೆ ಇಳಿಯುತ್ತೆ. ರೇಡಿಯಸ್ ಕಡಿಮೆ ಆದಷ್ಟೂ ಕಾಲುವೆ ಆಳ. ಆಳ ಇದ್ದರೆ ಅಂಚು ಐಸನ್ನು ಜೋರಾಗಿ ಕಚ್ಚುತ್ತೆ, ಆದರೆ ಜಾರುವ ವೇಗ ಸ್ವಲ್ಪ ಹೋಗುತ್ತೆ. ಮೈತೂಕ ಜಾಸ್ತಿ ಇರುವವರಿಗೆ 5/8 ಇಂಚು ಸಾಕು, ಅವರ ಭಾರಕ್ಕೇ ಅಂಚು ಇಳಿಯುತ್ತೆ. ಹಗುರ ಇರುವವರಿಗೆ 7/16 ಅಥವಾ 3/8 ಬೇಕಾಗಬಹುದು. ಐಸ್ ಗಟ್ಟಿ ಇರುವ ಊರಿಗೆ ಹೋದರೆ ಇನ್ನೂ ಸ್ವಲ್ಪ ಆಳ ಕೇಳುತ್ತಾರೆ.

ನಾನು ಮಾಡುವ ಕ್ರಮ ಹೀಗಿತ್ತು. ಮೊದಲು ಬ್ಲೇಡ್ ಒರೆಸಿ, ಬೆಳಕಿಗೆ ಹಿಡಿದು, ಎಲ್ಲಿ ಹಲ್ಲು ಬಿದ್ದಿದೆ, ಅಂದರೆ ಅಂಚು ಮುಕ್ಕಾಗಿದೆ, ನೋಡುವುದು. ಆಮೇಲೆ ಹೋಲ್ಡರಿಗೆ ಬಿಗಿದು ಚಕ್ರದ ನಡುವಿಗೆ ಸರಿಯಾಗಿ ಕೂರಿಸುವುದು. ಬ್ಲೇಡನ್ನು ಚಕ್ರಕ್ಕೆ ತಾಗಿಸಿ ತುದಿಯಿಂದ ತುದಿಗೆ ಎಳೆಯುವುದು ಒಂದು ಪಾಸ್. ಅಂಥ ನಾಲ್ಕೈದು ಪಾಸ್, ಒಂದೇ ವೇಗದಲ್ಲಿ, ಒಂದೇ ಒತ್ತಡದಲ್ಲಿ. ತುದಿಯಲ್ಲಿ ಕೈ ನಿಧಾನ ಆದರೆ ಅಲ್ಲಿ ಉಕ್ಕು ಜಾಸ್ತಿ ಹೋಗುತ್ತೆ, ಬ್ಲೇಡಿನ ಬಾಗೇ ಬದಲಾಗುತ್ತೆ. ಕೊನೆಯ ಎರಡು ಪಾಸಿಗೆ ಒತ್ತುವುದೇ ಬೇಡ. ಅಪ್ಪ ಸರ್ಫೇಸ್ ಗ್ರೈಂಡರ್ ಮುಂದೆ ನಿಂತು ಹುಡುಗರಿಗೆ "ಸ್ಪಾರ್ಕ್ ಔಟ್ ಆಗೋವರೆಗೂ ಬಿಡ್ರಪ್ಪಾ" ಅಂತಿದ್ದದ್ದು ಇದನ್ನೇ. ಕಿಡಿ ತಾನಾಗಿ ಸಣ್ಣಗಾಗಬೇಕು. ಆಮೇಲೆ ಅಂಚಿನಲ್ಲಿ ಉಳಿದ ಉಕ್ಕಿನ ಸಣ್ಣ ಎಳೆಯನ್ನು (ಬರ್) ಕಲ್ಲಿನಿಂದ ತೆಗೆದು, ಉಗುರನ್ನು ಅಂಚಿಗೆ ಅಡ್ಡ ಹಗುರವಾಗಿ ಎಳೆದು ನೋಡುವುದು. ಎರಡೂ ಕಡೆ ಒಂದೇ ತರ ಹೆರೆಯಬೇಕು. ಒಂದು ಜೊತೆಗೆ ಆರು ನಿಮಿಷ. 23 ಜೊತೆಗೆ ಎರಡು ಗಂಟೆ ಮೇಲೆ.

ಉಳಿದ ಕೆಲಸಗಳೂ ಇದ್ದವು. ಜರ್ಸಿ ಒಗೆಯುವುದು, ಒದ್ದೆ ಗ್ಲೌಸ್ ಒಣಗಿಸುವುದು, ಪಂದ್ಯದ ಹಿಂದಿನ ರಾತ್ರಿ ಪಕ್‌ಗಳನ್ನು ಫ್ರೀಜರ್‌ಗೆ ಹಾಕುವುದು. ಪಕ್ ಅಂದರೆ 170 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ. ತಣ್ಣಗಿಲ್ಲದಿದ್ದರೆ ಐಸ್ ಮೇಲೆ ಪುಟಿಯುತ್ತೆ.

ನವೆಂಬರ್‌ನಲ್ಲಿ ಒಂದು ತಪ್ಪು ಮಾಡಿದೆ. ಬೇರೆ ಊರಲ್ಲಿ ಪಂದ್ಯ. ಹೊರಡುವ ಮೊದಲು ಗೋಲ್‌ಕೀಪರ್ ಸ್ಕೇಟ್ ಮುಗಿಸಿ, ಅದೇ ಓಟದಲ್ಲಿ 17ನೇ ನಂಬರ್‌ನವಳ ಸ್ಕೇಟ್ ಎತ್ತಿಕೊಂಡೆ. ಗೋಲ್‌ಕೀಪರ್ ಬ್ಲೇಡ್ ಬೇರೆಯವರದಕ್ಕಿಂತ ಸುಮಾರು ಒಂದು ಮಿಲಿಮೀಟರ್ ದಪ್ಪ. ಹೋಲ್ಡರಿನ ಎತ್ತರ ಮತ್ತೆ ಸರಿಮಾಡಬೇಕಿತ್ತು. ಮಾಡಲಿಲ್ಲ. ಚಕ್ರ ಬ್ಲೇಡಿನ ನಡುವಿಗೆ ಬೀಳದೆ ಪಕ್ಕಕ್ಕೆ ಬಿತ್ತು. ಒಂದು ಅಂಚು ಎತ್ತರ, ಇನ್ನೊಂದು ತಗ್ಗು. ಉಗುರಿಗೆ ಎರಡೂ ಚೂಪಾಗೇ ಸಿಕ್ಕವು. ಮಟ್ಟ ನೋಡುವ ಪಟ್ಟಿ ಪಕ್ಕದಲ್ಲೇ ಇತ್ತು, ಇಟ್ಟು ನೋಡಲಿಲ್ಲ.

ಪಂದ್ಯಕ್ಕೆ ಮುಂಚಿನ ವಾರ್ಮ್ ಅಪ್‌ನಲ್ಲಿ 17 ಎಡಕ್ಕೆ ತಿರುಗಿದಳು, ಕಾಲು ಕಿತ್ತು ಬಿದ್ದಳು. ಎದ್ದು ಮತ್ತೆ ತಿರುಗಿದಳು, ಮತ್ತೆ ಬಿದ್ದಳು. ನನ್ನ ಎದೆ ಧಸಕ್ಕೆಂದಿತು. ಬೆಂಚಿಗೆ ಬಂದು ಸ್ಕೇಟ್ ಬಿಚ್ಚಿ ಕೊಟ್ಟಳು, ಒಂದು ಮಾತೂ ಬೈಯಲಿಲ್ಲ. ಜಂಬೋನಿ ಗಾಡಿ ಐಸ್ ಸರಿಮಾಡಿ ಹೋಗುವಷ್ಟರೊಳಗೆ, ಜೊತೆಗೆ ಒಯ್ದಿದ್ದ ಸಣ್ಣ ಮಷೀನಿನಲ್ಲಿ ಎರಡೂ ಬ್ಲೇಡ್ ಮತ್ತೆ ಹಿಡಿದೆ. ಕೈ ನಡುಗುತ್ತಿತ್ತು. ಅವಳು ಆ ರಾತ್ರಿ ಚೆನ್ನಾಗೇ ಆಡಿದಳು. ಆದರೆ ಮೊಣಕಾಲಿಗೆ ಏನಾದರೂ ಆಗಿದ್ದರೆ? ನಾಲ್ಕು ವರ್ಷ ಆಡಬೇಕು ಅಂತ ಬಂದ ಹುಡುಗಿ.

ಹಾಸ್ಟೆಲಿಗೆ ಬಂದಾಗ ರಾತ್ರಿ ಹತ್ತು. ಬೆಂಗಳೂರಲ್ಲಿ ಬೆಳಿಗ್ಗೆ ಒಂಬತ್ತೂವರೆ, ಅಪ್ಪ ಶಾಪ್ ಶಟರ್ ಎತ್ತುವ ಹೊತ್ತು. ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದೆ. ಅಪ್ಪ ಸಮಾಧಾನ ಹೇಳಲು ಹೋಗಲಿಲ್ಲ. "ಜಾಬ್ ಬದಲಾಯ್ತು ಅಂದ್ರೆ ಸೆಟ್ಟಿಂಗ್ ಬದಲಾಯ್ತು ಅಂತಲೇ ಲೆಕ್ಕ ಕಣಮ್ಮ. ಹಳೇ ಸೆಟ್ಟಿಂಗ್ ನಂಬಬೇಡ," ಅಂದರು. ಮಾರನೇ ದಿನದಿಂದ ಗೋಲ್‌ಕೀಪರ್‌ಗಳ ಸ್ಕೇಟನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟೆ. ಪ್ರತಿ ಬ್ಲೇಡಿಗೂ ಮಟ್ಟದ ಪಟ್ಟಿ ಇಟ್ಟು ನೋಡದೆ ಕೆಳಗಿಡಲಿಲ್ಲ. ಇದೇ ಕೆಲಸ ಮಾಡುವವರು ಯಾರಾದರೂ ಓದುತ್ತಿದ್ದರೆ ಇದೊಂದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಇನ್ನು 8ನೇ ನಂಬರ್‌ನವಳ ವಿಷಯ. ನನಗೆ ಈ ಸೀಸನ್ ಅಂದರೆ ನೆನಪಾಗುವುದೇ ಅವಳು. ಮೊದಲ ವರ್ಷದವಳು, ಸಣಕಲು, ಮಾತು ಕಡಿಮೆ. ಉಳಿದವರೆಲ್ಲ ತಮಗೆ ಏನು ಬೇಕು ಅಂತ ಸ್ಪಷ್ಟವಾಗಿ ಹೇಳುತ್ತಿದ್ದರು. ಇವಳನ್ನು "ಸ್ಕೇಟ್ ಹೇಗಿದೆ?" ಅಂತ ಕೇಳಿದರೆ ಯಾವಾಗಲೂ "ಚೆನ್ನಾಗಿದೆ" ಅಂತಲೇ. ಹಾಗಾಗಿ ಸಾಮಾನ್ಯವಾಗಿ ಕೊಡುವ ಅರ್ಧ ಇಂಚನ್ನೇ ಕೊಡುತ್ತಿದ್ದೆ. ಪಂದ್ಯಗಳಲ್ಲಿ ಅವಳಿಗೆ ಸಿಗುತ್ತಿದ್ದ ಹೊತ್ತು ಕಡಿಮೆ ಆಗುತ್ತಾ ಬಂತು.

ಡಿಸೆಂಬರ್ ಮೊದಲ ವಾರ, ಬೆಳಿಗ್ಗೆ ಪ್ರಾಕ್ಟೀಸ್. ಅವಳೊಬ್ಬಳೇ ಬೇಗ ಬಂದು ಐಸಿಗೆ ಇಳಿದಿದ್ದಳು. ಜಂಬೋನಿ ಆಗಷ್ಟೇ ಬಿಸಿನೀರು ಹರಡಿ ಹೋಗಿತ್ತು, ಐಸ್ ಕನ್ನಡಿ ತರ ಇತ್ತು. ಅಂಥ ಐಸ್ ಮೇಲೆ ಕಾಲಿನ ಗೆರೆ ಸ್ಪಷ್ಟವಾಗಿ ಕಾಣುತ್ತೆ. ಬಲಕ್ಕೆ ತಿರುಗಿದಾಗ ಕೂದಲೆಳೆಯಂಥ ಗೆರೆ. ಎಡಕ್ಕೆ ತಿರುಗಿದಾಗ ಎರಡು ಬೆರಳು ಅಗಲದ ಬಿಳಿ ಉಜ್ಜು. ನಿಲ್ಲುವಾಗಲೂ ಅಷ್ಟೇ, ಅರ್ಧ ಅಡಿ ಜಾಸ್ತಿ ಜಾರುತ್ತಿದ್ದಳು. ಬ್ಲೇಡ್ ಕಚ್ಚುತ್ತಿರಲಿಲ್ಲ. ಅವಳಿಗೆ ತಿರುಗಲು ಬರುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಅವಳೂ ಹಾಗೇ ಅಂದುಕೊಂಡಿದ್ದಳು ಅಂತ ಕಾಣುತ್ತೆ.

ಅವಳನ್ನು ಪಕ್ಕಕ್ಕೆ ಕರೆದೆ. ಈ ಸಲ "ಹೇಗಿದೆ" ಅಂತ ಕೇಳಲಿಲ್ಲ. "ಯಾವ ಕಾಲು ನಂಬೋಕೆ ಆಗಲ್ಲ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಲಗಾಲು," ಅಂದಳು. ಎಡಕ್ಕೆ ತಿರುಗುವಾಗ ಮೈಭಾರ ಬೀಳುವುದು ಬಲಗಾಲಿನ ಒಳ ಅಂಚಿನ ಮೇಲೆ, ಅಲ್ವಾ? ಗೆರೆಯೂ ಅದನ್ನೇ ಹೇಳಿತ್ತು. ಆ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ನಡುವೆ ಒಂದು ಸಣ್ಣ ಹಲ್ಲು, ನನ್ನ ನಾಲ್ಕೈದು ಪಾಸಿಗೆ ಪೂರ್ತಿ ಹೋಗಿರಲಿಲ್ಲ. ಅದನ್ನು ತೆಗೆದೆ. ಎರಡೂ ಬ್ಲೇಡ್ 3/8ಕ್ಕೆ ಹಿಡಿದೆ. ಮಾರನೇ ದಿನ ಬಂದು, ಕಾಲು ಐಸಿಗೆ ಸಿಕ್ಕಿಹಾಕಿಕೊಳ್ಳುತ್ತೆ ಅಂದಳು. ನನಗೆ ತುಂಬಾ ಖುಷಿಯಾಯಿತು. ಅವಳು ಹೇಳಿದ ಮೊದಲ ದೂರು ಅದು. 7/16ಕ್ಕೆ ತಂದೆ. ಸರಿಹೋಯಿತು.

ಕ್ರಿಸ್‌ಮಸ್ ರಜೆಯ ನಂತರ ಒಂದು ವೀಕೆಂಡ್ ನಮಗೆ ಪಂದ್ಯ ಇರಲಿಲ್ಲ. ಮಿನ್ನಿಯಾಪೊಲಿಸ್‌ನ ರಿಡರ್ ಅರೀನಾಕ್ಕೆ ಹೋದೆ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕಾಗಿಯೇ 2002ರಲ್ಲಿ ಕಟ್ಟಿದ ಅಂಗಳ ಅದು. 2012-13ರಲ್ಲಿ ಆ ತಂಡ ಆಡಿದ 41 ಪಂದ್ಯವನ್ನೂ ಗೆದ್ದಿತ್ತು. ನಾನು ಪಂದ್ಯಕ್ಕಿಂತ ಜಾಸ್ತಿ ಅವರ ಕಾಲುಗಳನ್ನೇ ನೋಡಿದೆ. ಕಾಲೇಜು ಪುರುಷರಿಗೆ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ರಾಷ್ಟ್ರಮಟ್ಟದ ಐಸ್ ಹಾಕಿ ಚಾಂಪಿಯನ್‌ಶಿಪ್ 1948ರಿಂದ ಇದೆ. ಮಹಿಳೆಯರಿಗೆ ಶುರುವಾಗಿದ್ದು 2001ರಲ್ಲಿ, ಡಿವಿಷನ್ ತ್ರೀಗೆ ಅದರ ಮುಂದಿನ ವರ್ಷ. ನಮ್ಮ ಹುಡುಗಿಯರ ಅಮ್ಮಂದಿರು ಕಾಲೇಜಿಗೆ ಹೋಗುತ್ತಿದ್ದಾಗ ಇದು ಇರಲೇ ಇಲ್ಲ. ಆ ಅಮ್ಮಂದಿರು ಕೊರೆಯುವ ಚಳಿಯಲ್ಲಿ ಮೂರು ಗಂಟೆ ಕಾರು ಓಡಿಸಿಕೊಂಡು ಬಂದು, ಗ್ಲಾಸಿಗೆ ಮುಖ ಒತ್ತಿ ನಿಲ್ಲುವುದು ಯಾಕೆ ಅಂತ ಅವತ್ತು ನನಗೆ ಅರ್ಥವಾಯಿತು.

ಬಸ್ಸಿನಲ್ಲಿ ಒಮ್ಮೆ, ಭಾರತದಲ್ಲೂ ಐಸ್ ಹಾಕಿ ಇದೆಯಾ ಅಂತ ಕೇಳಿದರು. ಲಡಾಖಿನ ಹುಡುಗಿಯರ ವಿಡಿಯೋ ತೋರಿಸಿದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆ ಮೇಲೆ ಆಡುವುದು ನೋಡಿ ಇಡೀ ಬಸ್ ಸುಮ್ಮನಾಯಿತು. ಮಿನ್ನೆಸೋಟಾದವರೂ ಆಟ ಕಲಿಯುವುದು ಹಾಗೇ, ಮನೆ ಹತ್ತಿರದ ಕೆರೆ ಮೇಲೆ. 2025ರ ಜೂನ್‌ನಲ್ಲಿ ಭಾರತದ ಮಹಿಳಾ ತಂಡ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಾಗ, ನನಗಿಂತ ಮೊದಲು ಸುದ್ದಿ ಕಳಿಸಿದ್ದು 17.

ಜನವರಿ ಪೂರ್ತಿ ಸೋಲೇ ಜಾಸ್ತಿ. ಎರಡು ಪಂದ್ಯ ಓವರ್‌ಟೈಮ್‌ನಲ್ಲಿ ಕೈತಪ್ಪಿದವು. ಪ್ಲೇಆಫ್‌ಗೆ ಹೋಗಲಾಗಲಿಲ್ಲ. ಫೆಬ್ರವರಿಯ ಕೊನೆಯ ಹೋಮ್ ಪಂದ್ಯದಲ್ಲಿ ನಾಲ್ಕನೇ ವರ್ಷದವರು ಅಪ್ಪ ಅಮ್ಮನ ಜೊತೆ ಐಸ್ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ಅವರಲ್ಲಿ ಒಬ್ಬಳ ಬ್ಲೇಡ್ ಸಾಣೆ ಹಿಡಿದೂ ಹಿಡಿದೂ ಎಷ್ಟು ಸವೆದಿತ್ತೆಂದರೆ, ಹೊಸದರ ಪಕ್ಕ ಇಟ್ಟರೆ ಎತ್ತರ ಕಡಿಮೆ ಅಂತ ಕಣ್ಣಿಗೇ ಕಾಣುತ್ತಿತ್ತು. ಬದಲಿಸಿ ಕೊಡುತ್ತೇನೆ ಅಂದರೆ, ಬೇಡ, ಇದರಲ್ಲೇ ಮುಗಿಸುತ್ತೇನೆ ಅಂದಳು. ಆ ಜೊತೆಗೆ ಅವತ್ತು ಹತ್ತು ನಿಮಿಷ ತೆಗೆದುಕೊಂಡೆ.

ಆ ಪಂದ್ಯಕ್ಕೆ ಒಂದು ಗಂಟೆ ಮೊದಲು ಎಲ್ಲ ಸ್ಕೇಟ್ ಮುಗಿಸಿ ಮಷೀನ್ ಒರೆಸುತ್ತಿದ್ದೆ. ಬಾಗಿಲಲ್ಲಿ 8 ನಿಂತಿದ್ದಳು, ಕೈಯಲ್ಲಿ ಒಂದೇ ಸ್ಕೇಟ್.

"ಎಡಗಾಲು. ಒಳ ಅಂಚು, ಹಿಮ್ಮಡಿ ಹತ್ತಿರ. ಒಂದೇ ಒಂದು ಚೂರು."

ಬೆಳಕಿಗೆ ಹಿಡಿದೆ. ಅವಳು ಹೇಳಿದ ಜಾಗದಲ್ಲೇ ಇತ್ತು, ಸಾಸಿವೆ ಕಾಳಿನಷ್ಟೂ ಇಲ್ಲ. ಬಟ್ಟೆ ಪಕ್ಕಕ್ಕಿಟ್ಟು ಚಕ್ರ ಆನ್ ಮಾಡಿದೆ.